ಬೆಂಗಳೂರಿನ ಕೆರೆಗಳೂ ಹಸಿರು ವಲಯವೂ

ಪಟ್ಟಣವು ಬೆಳೆಯುವುದು ದೋಷವೆಂದು ಯಾರೂ ಹೇಳಲಾರರು. ಅದು ಬೆಳೆಯುವಾಗ ತನ್ನನ್ನು ಸಾಕಿದ ಹೊಲಗದ್ದೆಗಳನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬುದೇ ವಿಚಾರಾರ್ಹವಾದ ವಿಷಯ. ಬೆಂಗಳೂರಿನ ಚರಿತ್ರೆಯು ಈ ಪ್ರಶ್ನೆಯ ಮೇಲೆ ಸಾಕಷ್ಟು ಬೆಳಕನ್ನು ಚೆಲ್ಲುತ್ತದೆ.

ಬೆಂಗಳೂರಿನ ಬಳಿಯಲ್ಲಿ ದೊಡ್ಡ ಹೊಳೆಯಾವುದೂ ಇಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಈ ಊರಿಗೆ ಕೆರೆಗಳೇ ಆಧಾರವಾಗಿದ್ದುವು. ಒಂದು ಕೆರೆಯ ಕೋಡಿ ಬಿದ್ದ ನೀರು ಅದರ ಕೆಳಗಿನ ಕೆರೆಯನ್ನು ಸೇರುತ್ತಿತ್ತು; ತೂಬಿನ ನೀರು ಅಚ್ಚುಕಟ್ಟಿನ ಗದ್ದೆಗೂ ತೋಟಕ್ಕೂ ಹರಿಯುತ್ತಿತ್ತು. ಸಂಪಂಗಿ ಕೆರೆಯ ಆಸರೆಯಲ್ಲಿ ತಿಗಳರು ಕಾಯಿಪಲ್ಯಗಳನ್ನು ಬೆಳೆದು ಪೇಟೆಗೆ ಒದಗಿಸುತ್ತಿದ್ದರು. ಕೆರೆಯಲ್ಲಿ ಹೂಳು ತುಂಬಿದರೆ ಒಕ್ಕಲಿಗನಿಗೂ ಪೇಟೆಯವನಿಗೂ ಸಮಾನವಾಗಿ ಕಷ್ಟ. ಆದುದರಿಂದ ಅದನ್ನು ಕಾಪಾಡುವ ಹಂಗು ಇಬ್ಬರಿಗೂ ಇತ್ತು.

1896ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ನಳದ ನೀರು ಪಟ್ಟಣಕ್ಕೆ ಬಂದಿತು. ಇದರಿಂದ ಜನಕ್ಕಾದ ಉಪಕಾರವು ಅಲ್ಪವಲ್ಲ. ಆದರೆ ನೀರು ದೂರದಿಂದ ಬಂದಷ್ಟೂ ಹತ್ತಿರದ ಕೆರೆಯ ಹಂಗು ಪೌರರಿಗೆ ಹರಿದುಹೋಯಿತು. ಧರ್ಮಾಂಬುಧಿ ಕೆರೆಯ ಪಾತ್ರದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವೂ ತಲೆಯೆತ್ತಿದುವು. ಕರಗದ ವಿಧಿಗಳಿಗಾಗಿ ಸಂಪಂಗಿಯಲ್ಲಿ ಒಂದು ಚಿಕ್ಕ ಕೊಳವು ಮಾತ್ರ ಉಳಿದಿದೆ.

1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆಯು 1981ರ ವೇಳೆಗೆ 29 ಲಕ್ಷವಾಯಿತು. ಈ ವೇಗವನ್ನು ಕಂಡು 1984ರ ಅಭಿವೃದ್ಧಿ ಯೋಜನೆಯಲ್ಲಿ 1279 ಚದರ ಕಿಲೋಮೀಟರಿನ ಪ್ರದೇಶವನ್ನು ಎರಡಾಗಿ ವಿಂಗಡಿಸಿ, ಸುಮಾರು 440 ಚದರ ಕಿಲೋಮೀಟರನ್ನು ನಗರಕ್ಕೂ ಉಳಿದುದನ್ನು ಹಸಿರು ವಲಯಕ್ಕೂ ಮೀಸಲಿಡಲಾಯಿತು. ಉದ್ದೇಶವು ಶ್ಲಾಘ್ಯವಾದುದೇ. ಆದರೂ 1995ರ ಪರಿಷ್ಕೃತ ಯೋಜನೆಯಲ್ಲಿ ನಗರದ ಎಲ್ಲೆಯು ಹೊರಕ್ಕೆ ಸರಿಯಿತು. ಎಲ್ಲೆಯಾಚೆ ಕೃಷಿಭೂಮಿಯಲ್ಲಿಯೇ ರೆವಿನ್ಯೂ ನಿವೇಶನಗಳೂ ಹುಟ್ಟಿಕೊಂಡುವು.

ಇದಕ್ಕೆ ರೈತನ ದುರಾಶೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಎಲ್ಲೆಯ ಒಳಗಿರುವ ನೆರೆಯವನ ಭೂಮಿಗೆ ನಿವೇಶನದ ಬೆಲೆ. ಹೊರಗಿರುವ ತನ್ನದಕ್ಕೆ ರಾಗಿಯ ಬೆಲೆ. ಪಟ್ಟಣಕ್ಕೆ ಗಾಳಿಯೂ ಅಂತರ್ಜಲವೂ ಬೇಕೆಂದು ಅವನ ಹೊಲವನ್ನು ಮೀಸಲಿಟ್ಟವರು, ಆ ಮೀಸಲಿಗೆ ತಕ್ಕ ಪ್ರತಿಫಲವನ್ನು ಅವನಿಗೆ ಗೊತ್ತುಮಾಡಲಿಲ್ಲ. ಲಾಭವು ಹಲವರದು, ಭಾರವು ಒಬ್ಬನದು.

ಇದರೊಡನೆ ಲಾಲ್‌ಬಾಗನ್ನೂ ಕಬ್ಬನ್ ಉದ್ಯಾನವನ್ನೂ ಹೋಲಿಸಿ ನೋಡಬಹುದು. ಹೈದರಾಲಿಯು ಆರಂಭಿಸಿದ ಮೊದಲನೆಯದೂ, 1870ರಲ್ಲಿ ರೂಪುಗೊಂಡ ಎರಡನೆಯದೂ ಇಂದಿಗೂ ನಿಂತಿವೆ. ಕಬ್ಬನ್ ಉದ್ಯಾನವು ಕೆಲವಂಶವನ್ನು ಕಳೆದುಕೊಂಡಿದೆಯಾದರೂ, 1975ರ ಶಾಸನವು ಇವೆರಡಕ್ಕೂ ರಕ್ಷೆಯಾಯಿತು. ಇವುಗಳ ವೆಚ್ಚವು ಸಾರ್ವಜನಿಕರದು, ಇವುಗಳ ಪಾಲನೆಗೆ ಒಂದು ಇಲಾಖೆಯುಂಟು, ಪ್ರತಿದಿನ ನಡೆದಾಡುವ ಪೌರರ ಕಣ್ಗಾವಲೂ ಉಂಟು.

ಒಕ್ಕಲಿಗನ ಹೊಲಕ್ಕೆ ಇಂತಹ ಆಸರೆಯು ದೊರೆಯುವುದು ಅಸಾಧ್ಯವೇನಲ್ಲ. 1959ರಲ್ಲಿ ದ್ರಾಕ್ಷಿ ಬೆಳೆಗಾರರು ಸ್ಥಾಪಿಸಿದ ಸಹಕಾರ ಸಂಘವು ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆದು, ತೋಟವನ್ನೂ ಪಟ್ಟಣದ ಅಡಿಗೆಮನೆಯನ್ನೂ ಮರಳಿ ಜೋಡಿಸಿತು. ಒಂದು ಸಂಘದಿಂದಲೇ ಎಲ್ಲೆ ನಿಲ್ಲಲಾರದು, ನಿಜ. ಆದರೆ ಬೆಳೆಗೆ ನ್ಯಾಯವಾದ ಬೆಲೆ, ಕೆರೆಗೆ ಹೂಳೆತ್ತುವ ವೆಚ್ಚ, ಮೀಸಲು ಭೂಮಿಗೆ ಪೌರರ ತೆರಿಗೆಯಿಂದ ಪ್ರತಿಫಲ, ಇವು ಒದಗಿದರೆ ಕೆರೆಯು ಹಿಂದೆ ಬೆಸೆದಿದ್ದ ಹಂಗು ಮತ್ತೆ ಕೂಡಿಬಂದೀತು. ಇಂದು ಪಟ್ಟಣಗಳಾಗಿ ಬೆಳೆಯುತ್ತಿರುವ ನಮ್ಮ ಜಿಲ್ಲೆಯ ಊರುಗಳು, ಹೊಲಗಳು ಇನ್ನೂ ಉಳಿದಿರುವಾಗಲೇ ಈ ಲೆಕ್ಕವನ್ನು ಇತ್ಯರ್ಥಮಾಡಿಕೊಳ್ಳುವುದು ಲೇಸು.