ಕವಾಟದ ಕಥೆ: ಹಳೆಯ ಬುಲೆಟ್ ಬಾಳಿದ ಬಗೆ

ನಮ್ಮ ಇತಿಹಾಸ ಗ್ರಂಥಗಳಲ್ಲಿ ಕೋಟೆಗಳಿಗೂ ಕಾಳಗಗಳಿಗೂ ದೊರೆತಷ್ಟು ಸ್ಥಳ ಯಂತ್ರಗಳಿಗೆ ದೊರೆತಿಲ್ಲ. ಯಂತ್ರವನ್ನು ನಿರ್ಮಿಸಿದವರ ಹೆಸರಾದರೂ ಒಂದೆರಡು ಸಾಲುಗಳಲ್ಲಿ ಬಂದೀತು. ಅದನ್ನು ಬಿಚ್ಚಿ, ತೊಳೆದು, ತೇದು, ಮರಳಿ ನಡೆಯಿಸಿದವರ ಸುದ್ದಿ ಬರುವುದೇ ಇಲ್ಲ. ಹಳೆಯ ಮೋಟಾರ್ ಸೈಕಲ್ಲೊಂದರ ಕವಾಟಗಳನ್ನು ಆಧಾರವಾಗಿಟ್ಟುಕೊಂಡು ಈ ಕೊರತೆಯನ್ನು ತುಸುವಾದರೂ ತುಂಬಲು ನಾವಿಲ್ಲಿ ಯತ್ನಿಸುತ್ತೇವೆ.

ರಾಯಲ್ ಎನ್‌ಫೀಲ್ಡ್ ಕಂಪನಿಯು ಇಂಗ್ಲೆಂಡಿನ ರೆಡಿಚ್ ಪಟ್ಟಣದ್ದು. ಬುಲೆಟ್ ಎಂಬ ಹೆಸರಿನ ಗಾಡಿಯನ್ನು ಅದು ಮೊದಲು ಹೊರತಂದುದು 1932ರಲ್ಲಿ. ಸ್ವಾತಂತ್ರ್ಯಾನಂತರ ನಮ್ಮ ಸೈನ್ಯಕ್ಕೆ ಗಡಿ ಕಾಯಲು ಗಟ್ಟಿಯಾದ ಗಾಡಿ ಬೇಕಾಯಿತು. ಆಯ್ಕೆ ಬುಲೆಟ್ಟಿನ ಮೇಲೆ ಬಿದ್ದಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಹುಟ್ಟಿ, ಮರುವರ್ಷ ತಿರುವೊಟ್ಟಿಯೂರಿನ ಕಾರ್ಖಾನೆ ಆರಂಭವಾಯಿತು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. 1970ರಲ್ಲಿ ಇಂಗ್ಲೆಂಡಿನಲ್ಲಿ ಆ ಕಂಪನಿಯ ಗಾಡಿಗಳ ತಯಾರಿಕೆಯೇ ನಿಂತಿತು. ಮದರಾಸಿನಲ್ಲಿ ಮಾತ್ರ ನಿಲ್ಲಲಿಲ್ಲ. 1977ರಿಂದ ಇಲ್ಲಿಯ ಬುಲೆಟ್ಟುಗಳು ಇಂಗ್ಲೆಂಡಿಗೇ ರಫ್ತಾಗತೊಡಗಿದವು. ತಾಯಿಮನೆ ಬರಿದಾದ ಮೇಲೆಯೂ ಕೊಟ್ಟ ಮನೆಯಲ್ಲಿ ಬಳ್ಳಿ ಹಬ್ಬಿದ ಪರಿಯಿದು.

ಹೀಗೇಕಾಯಿತು? ಅಗ್ಗದ ದುಡಿಮೆ, ಸೈನ್ಯದ ಬೇಡಿಕೆ ಮುಂತಾದ ಕಾರಣಗಳುಂಟು. ಆದರೆ ಆ ಎಂಜಿನ್ನಿನ ರಚನೆಯಲ್ಲಿಯೇ ಇನ್ನೊಂದು ಕಾರಣವಿದೆ. ಅದು 70 ಮಿಲಿಮೀಟರ್ ಅಗಲದ, 90 ಮಿಲಿಮೀಟರ್ ಓಟದ, 346 ಸಿ.ಸಿ.ಯ ಒಂಟಿ ಸಿಲಿಂಡರು. ಅದರ ತಲೆಯಲ್ಲಿ ಕವಾಟಗಳೆರಡು: ಒಂದು ಪೆಟ್ರೋಲುಮಿಶ್ರಿತ ಗಾಳಿಯನ್ನು ಒಳಬಿಡುತ್ತದೆ, ಇನ್ನೊಂದು ಸುಟ್ಟ ಹೊಗೆಯನ್ನು ಹೊರಬಿಡುತ್ತದೆ. ಕೆಳಗೆ ಕ್ಯಾಮ್ ತಿರುಗಿ ಟ್ಯಾಪೆಟ್ಟನ್ನು ಎತ್ತುತ್ತದೆ; ಟ್ಯಾಪೆಟ್ ಪುಶ್ ರಾಡ್ ಎಂಬ ಉದ್ದ ಕಡ್ಡಿಯನ್ನು ಮೇಲಕ್ಕೆ ನೂಕುತ್ತದೆ; ಅದು ರಾಕರಿನ ಒಂದು ತುದಿಯನ್ನು ಎತ್ತಿದೊಡನೆ, ಬಾವಿಯ ಏತದಂತೆ, ಮತ್ತೊಂದು ತುದಿ ತಗ್ಗಿ ಕವಾಟವನ್ನು ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಎಂಜಿನ್ನು ನಿಮಿಷಕ್ಕೆ 4000 ಸಲ ಸುತ್ತಿದರೆ ಒಂದೊಂದು ಕವಾಟವೂ 2000 ಸಲ ತೆರೆದು ಮುಚ್ಚಬೇಕು. ಸವೆತ ಇಲ್ಲಿ ಅನಿವಾರ್ಯ.

ಸವೆದುದನ್ನು ಸರಿಪಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ತಲೆಯನ್ನು ಕಳಚಿ, ಸ್ಪ್ರಿಂಗುಗಳನ್ನು ಒತ್ತಿ ಲಾಕುಗಳನ್ನು ತೆಗೆದು, ಕವಾಟಗಳನ್ನು ಹೊರಗೆಳೆಯುತ್ತಾರೆ. ಕವಾಟದ ಕಾಂಡ ಗೈಡಿನಲ್ಲಿ ಅಲುಗಾಡಿದರೆ ಮೊದಲು ಗೈಡು ಬದಲಾಗಬೇಕು, ಆಮೇಲೆ ಸೀಟಿನ ಕೆಲಸ. ಏಕೆಂದರೆ ಕವಾಟ ಎಲ್ಲಿ ಕೂಡಬೇಕೆಂಬುದನ್ನು ನಿರ್ಧರಿಸುವುದು ಗೈಡು. ಬಳಿಕ 45 ಅಂಶದ ಸೀಟಿಗೆ ತೇಯುವ ಪೇಸ್ಟನ್ನು ಹಚ್ಚಿ, ಕವಾಟವನ್ನು ಅತ್ತಿತ್ತ ತಿರುವಿ, ನಡುವೆ ಎತ್ತಿ ಎತ್ತಿ ಕೂರಿಸಿ ತೇಯುತ್ತಾರೆ. ಸುತ್ತಲೂ ಮುರಿಯದ ಬೂದು ಬಣ್ಣದ ಉಂಗುರ ಮೂಡಿದರೆ ಕೆಲಸ ಸಾಧಿಸಿತು. ಸೀಮೆಎಣ್ಣೆ ಸುರಿದು ನೋಡಿದಾಗ ಹನಿಯೂ ಸೋರಬಾರದು.

ಕೊನೆಯದು ಟ್ಯಾಪೆಟ್ಟಿನ ಹದ. ಎಂಜಿನ್ನು ತಣ್ಣಗಿದ್ದು, ಪಿಸ್ಟನ್ನು ಒತ್ತುವ ಹೊಡೆತದ ತುದಿಯಲ್ಲಿದ್ದಾಗ, ಪುಶ್ ರಾಡು ಎರಡು ಬೆರಳುಗಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲುಗಬಾರದು. ಬಿಗಿಯಾದರೆ ಕವಾಟ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ಸಡಿಲಾದರೆ ಟಕಟಕ ಸದ್ದು. ಬೆರಳೇ ಇಲ್ಲಿ ಅಳತೆಗೋಲು.

ಈ ತೊಡಕೇ ಬೇಡವೆಂದ ಗಾಡಿಯೂ ನಮ್ಮ ಕನ್ನಡ ನಾಡಿನಲ್ಲಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಎರಡು ಹೊಡೆತದ್ದು. ಅದರಲ್ಲಿ ಪಿಸ್ಟನ್ನೇ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಕವಾಟವಿಲ್ಲ, ಪುಶ್ ರಾಡಿಲ್ಲ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಗಾಡಿಗಳೂ ಇಂದಿಗೂ ಅಲ್ಲಲ್ಲಿ ಓಡುತ್ತಿರುವುದು ದುರಸ್ತಿಯ ಕೈಗಳಿಂದಲೇ.

ನಮ್ಮ ದತ್ತವಾಡದ ಸೀಮೆಗೆ ಈ ಮಾತು ಹೊರಗಿನದಲ್ಲ. ದೂಧಗಂಗೆಯ ಈಚೆ ದತ್ತವಾಡ, ಆಚೆ ಮಲಿಕವಾಡ. ಮಹಾಪೂರ ಬಂದಾಗ ನಡುವಿನ ಸೇತುವೆ ಮುಳುಗುತ್ತದೆ, ಬಾಂಧವ್ಯ ಮುಳುಗುವುದಿಲ್ಲ. ಸಮೀಪದ ಇಚಲಕರಂಜಿಯಲ್ಲಿ 1904ರಲ್ಲಿಯೇ ವಿದ್ಯುನ್ಮಗ್ಗದ ಯುಗ ಆರಂಭವಾಯಿತು. ಕೊಲ್ಹಾಪುರವು ಎರಕದ ಕೆಲಸಕ್ಕೂ ಆಯಿಲ್ ಎಂಜಿನ್ನುಗಳಿಗೂ ಹೆಸರಾಯಿತು. ಹೊಳೆದಂಡೆಯ ಪಂಪಿನ ಎಂಜಿನ್ನಿಗೂ ಪುಶ್ ರಾಡು, ರಾಕರುಗಳೇ. ಅದನ್ನು ಬಿಚ್ಚಬಲ್ಲ ಮೇಸ್ತ್ರಿಗೆ ಬುಲೆಟ್ ಪರಕೀಯವೆನಿಸಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಿಡಿಭಾಗಗಳಿಗೆ ಇಂಗ್ಲಿಷು: ಈ ಮೂರೂ ಕೂಡಿದ ಮಾತಿನಲ್ಲಿ ಅವನು ಶಿಷ್ಯನಿಗೆ ವಿದ್ಯೆಯನ್ನು ದಾಟಿಸಿದನು.

ಆ ವಿದ್ಯೆ ಈಗ ಇಳಿಮುಖವಾಗಿದೆ. 2008ರಲ್ಲಿ ಬಂದ ಎನ್‌ಫೀಲ್ಡಿನ ಹೊಸ ಎಂಜಿನ್ನಿನಲ್ಲಿ ಟ್ಯಾಪೆಟ್ಟು ಎಣ್ಣೆಯ ಒತ್ತಡದಿಂದ ತಾನೇ ಹದಗೊಳ್ಳುತ್ತದೆ. 2023ರಿಂದ ಬುಲೆಟ್ ಎಂಬ ಹೆಸರಿನ ಗಾಡಿಯಲ್ಲಿಯೂ ಪುಶ್ ರಾಡಿಲ್ಲ, ಕ್ಯಾಮೇ ತಲೆಗೇರಿ ಕುಳಿತಿದೆ. ಇದು ಪ್ರಗತಿಯೇ, ನಾವು ಅದನ್ನು ಹಳಿಯುವುದಿಲ್ಲ. ಆದರೆ ಬೆರಳಿನಲ್ಲಿದ್ದ ಅಳತೆ ಯಾವ ಪುಸ್ತಕದಲ್ಲಿಯೂ ಇಲ್ಲ. ಬೆರಳು ಹೋದೊಡನೆ ಅದೂ ಹೋಗುತ್ತದೆ. ಶಾಸನಗಳನ್ನು ಪ್ರತಿಮಾಡಿಕೊಳ್ಳುವ ಶ್ರದ್ಧೆಯಿಂದಲೇ ನಮ್ಮ ಸಂಘದ ತರುಣರು ವಯಸ್ಸಾದ ಮೇಸ್ತ್ರಿಗಳ ಬಳಿ ಕುಳಿತು, ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದುಕೊಳ್ಳಲಿ. ಮುಂದಿನ ಇತಿಹಾಸಕಾರನಿಗೆ ಅದೇ ಆಕರವಾಗುವುದು.