ಐದು ತಾಲ್ಲೂಕು, ಒಂದು ನದಿ: ಗಡಿನಾಡಿನ ಪ್ರವಾಸಕ್ಕೆ ಹೊರಡುವ ಮುನ್ನ

ಚಿಕ್ಕೋಡಿ: ರಜೆ ಬಂತೆಂದರೆ ಈ ಭಾಗದ ಜನ ಗೋವಾ, ಗೋಕರ್ಣ, ಮಹಾಬಲೇಶ್ವರಗಳ ಕಡೆಗೆ ಹೊರಡುವುದು ವಾಡಿಕೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿಯೂ ಎರಡು ದಿನ ನೆಮ್ಮದಿಯಿಂದ ಸುತ್ತಾಡುವಷ್ಟು ತಾಣಗಳಿವೆ. ಕುಟುಂಬದೊಂದಿಗೆ, ಗೆಳೆಯರೊಂದಿಗೆ, ಜೋಡಿಯಾಗಿ ಬಂದು ಹೋದವರ ಅನುಭವವನ್ನು ಒಟ್ಟುಗೂಡಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿ ತಾಲ್ಲೂಕಿನ ಗಡಿ ನೋಡಿ ಪ್ರವಾಸ ರೂಪಿಸಿದರೆ ದಿನವೆಲ್ಲ ರಸ್ತೆಯಲ್ಲಿಯೇ ಕಳೆಯುತ್ತದೆ. ನದಿ ನೋಡಿ ರೂಪಿಸಿದರೆ ಸಮಯವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ತಲುಪುವುದು ಹೇಗೆ?

ರಾಷ್ಟ್ರೀಯ ಹೆದ್ದಾರಿ 48 ನಿಪ್ಪಾಣಿಯ ಮೂಲಕ ಹಾದುಹೋಗುತ್ತದೆ. ಬೆಳಗಾವಿಯಿಂದ ನಿಪ್ಪಾಣಿಗೆ ಸುಮಾರು 75 ಕಿ.ಮೀ., ಕೊಲ್ಹಾಪುರದಿಂದ ಸುಮಾರು 40 ಕಿ.ಮೀ. ರೈಲಿನಲ್ಲಿ ಬರುವವರಿಗೆ ಲೋಂಡಾ–ಮೀರಜ ಮಾರ್ಗದ ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳು ಅನುಕೂಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣ ಚಿಕ್ಕೋಡಿ ಪಟ್ಟಣದಿಂದ ಬಹಳ ದೂರದಲ್ಲಿದೆ. ಹೆಸರು ನಂಬಿ ರಾತ್ರಿ ವೇಳೆ ಅಲ್ಲಿ ಇಳಿದರೆ ವಾಹನಕ್ಕಾಗಿ ಪರದಾಡಬೇಕಾದೀತು.

ನಿಪ್ಪಾಣಿ ಮತ್ತು ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದದ್ದು 2018ರಲ್ಲಿ. ಆದ್ದರಿಂದ ಹಳೆಯ ಪುಸ್ತಕ ಮತ್ತು ನಕ್ಷೆಗಳಲ್ಲಿ ಅಲ್ಲಿನ ಊರುಗಳನ್ನು ಚಿಕ್ಕೋಡಿ ಹಾಗೂ ಅಥಣಿ ತಾಲ್ಲೂಕುಗಳಲ್ಲಿ ಹುಡುಕಬೇಕು.

ಕುಟುಂಬದವರಿಗೆ: ಯಡೂರ ಮತ್ತು ಖಿದ್ರಾಪುರ

ಹಿರಿಯರು, ಮಕ್ಕಳು ಜೊತೆಗಿದ್ದರೆ ಮೊದಲ ದಿನವನ್ನು ಚಿಕ್ಕೋಡಿ ತಾಲ್ಲೂಕಿನ ಯಡೂರಿಗೆ ಮೀಸಲಿಡುವುದು ಸೂಕ್ತ. ಕೃಷ್ಣಾ ತೀರದ ಇಲ್ಲಿನ ವೀರಭದ್ರೇಶ್ವರ ದೇವಸ್ಥಾನ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಅನೇಕ ಮನೆತನಗಳಿಗೆ ಮನೆದೇವರು.

ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನ ಖಿದ್ರಾಪುರ ಇಲ್ಲಿಂದ ದೂರವಿಲ್ಲ. ಅಲ್ಲಿನ ಕೋಪೇಶ್ವರ ದೇವಾಲಯದಲ್ಲಿ ಲಿಂಗದ ಎದುರು ನಂದಿ ಇಲ್ಲ. ದಕ್ಷನ ಯಜ್ಞಕ್ಕೆ ಸತಿಯನ್ನು ಹೊತ್ತೊಯ್ದ ನಂದಿ ಯಡೂರಿನಲ್ಲಿಯೇ ಉಳಿದನೆಂದೂ, ಸತಿಯನ್ನು ಕಳೆದುಕೊಂಡು ಕೋಪಗೊಂಡ ಶಿವ ಖಿದ್ರಾಪುರದಲ್ಲಿ ನೆಲೆಸಿದನೆಂದೂ ಸ್ಥಳಪುರಾಣ. ದಕ್ಷಯಜ್ಞವನ್ನು ಧ್ವಂಸ ಮಾಡಿದವನು ವೀರಭದ್ರನೇ ಅಲ್ಲವೇ? ಹೀಗೆ ಒಂದೇ ಕಥೆ ಎರಡು ರಾಜ್ಯಗಳ ಎರಡು ಊರುಗಳಲ್ಲಿ ಹಂಚಿಹೋಗಿದೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮಕ್ಕಳಿಗೆ ಈ ಕಥೆಯನ್ನು ದಾರಿಯಲ್ಲಿಯೇ ಹೇಳಿದರೆ ದೇವಾಲಯದ ಮೇಲೆ ಅವರಿಗೆ ತಾನಾಗಿಯೇ ಆಸಕ್ತಿ ಮೂಡುತ್ತದೆ.

ಖಿದ್ರಾಪುರದ ಸ್ವರ್ಗಮಂಟಪದಲ್ಲಿ 48 ಕಂಬಗಳಿವೆ. ಅದರ ಛಾವಣಿಯ ನಡುಭಾಗ ವೃತ್ತಾಕಾರದಲ್ಲಿ ಆಕಾಶಕ್ಕೆ ತೆರೆದುಕೊಂಡಿದೆ. ಶಿಲಾಹಾರರ ಕಾಲದ ಈ ದೇವಾಲಯದ ಹೆಚ್ಚಿನ ಶಾಸನಗಳು ಕನ್ನಡದಲ್ಲಿವೆ. ಯಾದವ ದೊರೆ ಸಿಂಘಣನದು ಸಂಸ್ಕೃತ ಶಾಸನ. ಸಮಯವಿದ್ದರೆ ಕೃಷ್ಣಾ–ಪಂಚಗಂಗಾ ಸಂಗಮದ ನರಸೋಬಾವಾಡಿಯಲ್ಲಿ ದತ್ತಪಾದುಕೆಗಳ ದರ್ಶನ ಪಡೆದು, ಅಲ್ಲಿನ ಪೇಢಾ, ಬಾಸುಂದಿಯ ರುಚಿ ನೋಡಿ ಮರಳಬಹುದು.

ಜೈನ ಕ್ಷೇತ್ರಗಳ ದಾರಿ

ಇಪ್ಪತ್ತನೆಯ ಶತಮಾನದ ದಿಗಂಬರ ಜೈನ ಪರಂಪರೆಯ ಹಲವು ಪ್ರಮುಖ ಆಚಾರ್ಯರು ಈ ನೆಲದವರು. ಚಾರಿತ್ರ ಚಕ್ರವರ್ತಿ ಶಾಂತಿಸಾಗರರು (1872–1955) ಭೋಜ ಗ್ರಾಮದವರು. ಆಚಾರ್ಯ ದೇಶಭೂಷಣರು ಕೋಥಳಿಯವರು. ಆಚಾರ್ಯ ವಿದ್ಯಾನಂದರು (1925–2019) ಶೇಡಬಾಳದಲ್ಲಿಯೂ, ಆಚಾರ್ಯ ವಿದ್ಯಾಸಾಗರರು (1946–2024) ಸದಲಗಾದಲ್ಲಿಯೂ ಜನಿಸಿದರು. ಹೆದ್ದಾರಿಯ ಬದಿಯಲ್ಲಿ ತವಂದಿ ಘಾಟಿನ ಬಳಿ ಇರುವ ಸ್ತವನಿಧಿಯಿಂದ ಆರಂಭಿಸಿ, ಭೋಜ, ಸದಲಗಾ ನೋಡಿ, ಕೋಥಳಿ–ಕುಪ್ಪಾನವಾಡಿಯ ಶಾಂತಿಗಿರಿಗೆ ಬಂದರೆ ಒಂದು ದಿನದ ಯಾತ್ರೆ ಪೂರ್ಣವಾಗುತ್ತದೆ. ಶೇಡಬಾಳ ಕಾಗವಾಡ ತಾಲ್ಲೂಕಿನಲ್ಲಿದ್ದು, ಅದನ್ನು ಅಥಣಿ ಪ್ರವಾಸದ ಜೊತೆಗೆ ಸೇರಿಸಿಕೊಳ್ಳುವುದು ಉತ್ತಮ. ಬಸದಿಗಳಿಗೆ ಹೋಗುವಾಗ ಚರ್ಮದ ಬೆಲ್ಟ್, ಪರ್ಸುಗಳನ್ನು ವಾಹನದಲ್ಲಿಯೇ ಬಿಟ್ಟು ಹೋಗಬೇಕು.

ಗೆಳೆಯರ ಗುಂಪಿಗೆ: ಅಥಣಿಯ ಚಪ್ಪಲಿ, ಚಿಂಚಲಿಯ ಜಾತ್ರೆ

ಕೊಲ್ಹಾಪುರಿ ಎಂಬ ಹೆಸರಿದ್ದರೂ ಈ ಪಾದರಕ್ಷೆಯನ್ನು ತಯಾರಿಸುವ ಕುಶಲಕರ್ಮಿಗಳ ದೊಡ್ಡ ಸಮುದಾಯ ಅಥಣಿ, ನಿಪ್ಪಾಣಿ ಭಾಗದಲ್ಲಿದೆ. 2019ರಲ್ಲಿ ಸುದ್ದಿಯಾದ ಭೌಗೋಳಿಕ ಸೂಚಿಕೆಯ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ಮಾದರಿಯ ಪಾದರಕ್ಷೆ ಪ್ರದರ್ಶಿಸಿದ ಮೇಲೆ ಈ ಕಸುಬಿನ ಬಗ್ಗೆ ದೇಶದೆಲ್ಲೆಡೆ ಚರ್ಚೆಯಾಯಿತು. ಸಾಂಪ್ರದಾಯಿಕ ಜೋಡಿಗೆ ಮೊಳೆ ಹೊಡೆಯುವುದಿಲ್ಲ, ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಕೊಳ್ಳುವ ಮುನ್ನ ಇದನ್ನು ಗಮನಿಸಬೇಕು. ಸಾಧ್ಯವಾದರೆ ತಯಾರಿಸುವವರಿಂದಲೇ ಕೊಂಡರೆ ಹಣ ದುಡಿದ ಕೈಗೆ ಸೇರುತ್ತದೆ. ಮಳೆಯಲ್ಲಿ ಇದನ್ನು ಮೆಟ್ಟಬಾರದು.

ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳು (1836–1921) ನೆಲೆಸಿದ್ದ ಗಚ್ಚಿನಮಠವನ್ನೂ, ತಾಲ್ಲೂಕಿನ ರಾಮತೀರ್ಥದ ಹಳೆಯ ಶಿವಾಲಯವನ್ನೂ ನೋಡಬಹುದು.

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕಾದೇವಿಯ ಜಾತ್ರೆ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುತ್ತದೆ. ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರನ್ನು ಇಂದಿಗೂ ಕಾಣಬಹುದು. ಜಾತ್ರೆ ನೋಡುವ ಆಸೆಯುಳ್ಳವರು ಕಾರಿಗಿಂತ ರೈಲನ್ನು ನೆಚ್ಚುವುದು ಲೇಸು. ಭಂಡಾರ ಮೆತ್ತಿದರೂ ಬೇಸರವೆನಿಸದ ಬಟ್ಟೆ ಧರಿಸಿರಬೇಕು. ಶಾಂತವಾಗಿ ದರ್ಶನ ಬಯಸುವವರು ಬೇರೆ ದಿನಗಳಲ್ಲಿ ಬರಲಿ.

ಜೋಡಿಗಳಿಗೆ

ಮದುವೆಯ ನಂತರ ಮನೆದೇವರಿಗೆ ಹೋಗಿಬರುವ ಸಂಪ್ರದಾಯ ಇಲ್ಲಿ ಇಂದಿಗೂ ಇದೆ. ನವದಂಪತಿಗಳು ಅದನ್ನೇ ಪುಟ್ಟ ಪ್ರವಾಸವಾಗಿಸಿಕೊಳ್ಳಬಹುದು. ಯಡೂರಿನ ದರ್ಶನ ಮುಗಿಸಿ, ಮರುದಿನ ಬೆಳಗ್ಗೆ ಬೇಗ ಖಿದ್ರಾಪುರಕ್ಕೆ ಹೋದರೆ ಜನಸಂದಣಿ ಕಡಿಮೆ, ಶಿಲ್ಪಗಳ ಮೇಲೆ ಬೀಳುವ ಬಿಸಿಲೂ ಹಿತ. ಕಾರ್ತಿಕ ಹುಣ್ಣಿಮೆಯ ರಾತ್ರಿ ಸ್ವರ್ಗಮಂಟಪದ ತೆರೆದ ಛಾವಣಿಯ ನೇರಕ್ಕೆ ಬರುವ ಚಂದ್ರನನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಏಕಾಂತ ಬಯಸುವವರಿಗೆ ಅದು ತಕ್ಕ ದಿನವಲ್ಲ. ವಾಸ್ತವ್ಯಕ್ಕೆ ನಿಪ್ಪಾಣಿ ಅಥವಾ ಕೊಲ್ಹಾಪುರದಲ್ಲಿ ಮೊದಲೇ ಕೊಠಡಿ ಕಾಯ್ದಿರಿಸುವುದು ಒಳಿತು.

ಮಳೆಗಾಲದಲ್ಲಿ ಎಚ್ಚರ

ಈ ಪ್ರದೇಶದ ಪ್ರವಾಸದಲ್ಲಿ ಅತಿ ಮುಖ್ಯವಾದ ಮಾತು ಇದು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬುವುದು ಇಲ್ಲಿನ ಮಳೆಯಿಂದಲ್ಲ, ಸಹ್ಯಾದ್ರಿಯ ಮಳೆಯಿಂದ. ಚಿಕ್ಕೋಡಿಯಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ, ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟರೆ, ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ ಸೇತುವೆಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ಸುದ್ದಿಯಾಗುವುದು ಇದೇ ಕಾರಣಕ್ಕೆ. 2005, 2019 ಮತ್ತು 2021ರ ಪ್ರವಾಹಗಳಲ್ಲಿ ನದಿತೀರದ ಊರುಗಳೇ ಜಲಾವೃತವಾಗಿದ್ದವು.

ಮುಳುಗಿದ ಸೇತುವೆಯ ಮೇಲೆ ಮೊಣಕಾಲುದ್ದ ನೀರಿದ್ದರೂ ವಾಹನ ಇಳಿಸಬಾರದು. ಸೆಳೆತ ಮೇಲಿನಿಂದ ಕಾಣುವುದಿಲ್ಲ, ಸೇತುವೆಯ ಅಂಚೂ ತಿಳಿಯುವುದಿಲ್ಲ. ಮೊಬೈಲಿನ ನಕ್ಷೆ ತೋರಿಸುವ ಹತ್ತಿರದ ದಾರಿಗಿಂತ ಊರಿನವರು ಹೇಳುವ ಸುತ್ತಿನ ದಾರಿಯೇ ಲೇಸು. ನೀರು ಇಳಿದ ಬಳಿಕವೂ ಘಟ್ಟಗಳ ಮೆಟ್ಟಿಲು ಜಾರುತ್ತವೆ. ಮಕ್ಕಳ ಕೈ ಬಿಡಬಾರದು.

ಪ್ರವಾಸಿಗರ ಗಮನಕ್ಕೆ

* ನವೆಂಬರ್‌ನಿಂದ ಫೆಬ್ರುವರಿವರೆಗೆ ಸುತ್ತಾಟಕ್ಕೆ ಸಕಾಲ. ಆದರೆ ಅದು ಕಬ್ಬು ನುರಿಸುವ ಕಾಲವೂ ಹೌದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಹಿಂಬದಿ ದೀಪ ಇಲ್ಲದಿರಬಹುದು. ಕತ್ತಲಾಗುವ ಮುನ್ನ ತಂಗುವ ಊರು ಸೇರಿಕೊಳ್ಳಿ.
* ಗಡಿ ವಿವಾದ ಕಾವೇರಿದಾಗ ಅಂತರರಾಜ್ಯ ಬಸ್ ಸಂಚಾರ ನಿಲ್ಲುವುದುಂಟು. 2025ರ ಫೆಬ್ರುವರಿಯಲ್ಲಿ ಹಾಗಾಗಿತ್ತು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ವಿಚಾರಿಸಿ.
* ಮರಾಠಿ, ಕನ್ನಡ ಎರಡೂ ಎಲ್ಲೆಡೆ ನಡೆಯುತ್ತವೆ. ಯಾವ ಭಾಷೆಯಲ್ಲಿ ಕೇಳಿದರೂ ದಾರಿ ತೋರಿಸುವವರು ಸಿಗುತ್ತಾರೆ.
* ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ದೊರೆಯುತ್ತದೆ. ಖಾರ ಒಗ್ಗದವರು ಮೊದಲೇ ತಿಳಿಸುವುದು ಕ್ಷೇಮ.