ಹಾಡು ಒಂದೇ, ನಾಡು ಹಲವು

ಹಾಡಿಗೆ ಗಡಿಯಿಲ್ಲ ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಗಡಿಯಲ್ಲಿಯೇ ಹುಟ್ಟಿ ಬೆಳೆದ ನಮಗೆ ಈ ಮಾತು ಪೂರ್ಣಸತ್ಯವಲ್ಲವೆಂಬುದು ಅನುಭವದಿಂದ ತಿಳಿದಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಭಜನೆಗೊಂಡಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯವನ್ನುಳಿದು ಜಹೀರಾಬಾದ್ ತಾಲ್ಲೂಕು ಹಾಗೂ ಬೀದರ್ ತಾಲ್ಲೂಕಿನ ನ್ಯಾಲಕಲ್ ವಲಯ ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್, ಭಾಲ್ಕಿ, ಹುಮನಾಬಾದ್‌ಗಳು ಅಂದಿನ ಮೈಸೂರು ರಾಜ್ಯಕ್ಕೆ ಹೋದವು. ಆ ದಿನ ಯಾರ ಮನೆಮಾತೂ ಬದಲಾಗಲಿಲ್ಲ. ಆದರೆ ಶಾಲೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ಚಿತ್ರಮಂದಿರಕ್ಕೆ ಬರುವ ಸಿನಿಮಾ ಬದಲಾಯಿತು. ಅವುಗಳ ಹಿಂದೆಯೇ, ಮಕ್ಕಳ ಬಾಯಲ್ಲಿ ಆಡುವ ಹಾಡೂ ಬದಲಾಯಿತು.

ಒಂದೇ ಹಾಡು ಒಂದು ನಾಡಿನಲ್ಲಿ ಮನೆಮಾತಾಗಿ, ಇನ್ನೊಂದು ನಾಡಿನಲ್ಲಿ ಹೆಸರೂ ತಿಳಿಯದಂತೆ ಉಳಿಯುವುದು ಏಕೆ? ಹಾಡುವವರ ಯೋಗ್ಯತೆಯಲ್ಲಿ ಕೊರತೆಯಿದೆಯೋ, ಕೇಳುವವರ ಅಭಿರುಚಿಯಲ್ಲಿ ಕೊರತೆಯಿದೆಯೋ? ಅಥವಾ ಇವೆರಡೂ ಅಲ್ಲದ ಬೇರೆ ಕಾರಣವಿದೆಯೋ? ಈ ಪ್ರಶ್ನೆಯನ್ನು ನಮ್ಮ ಕಾಲದ ಒಂದು ಕನ್ನಡ ರಾಕ್ ತಂಡದ ಇತಿಹಾಸದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ರಾಕ್ ಸಂಗೀತಕ್ಕೂ ರಾಯಿಕೋಡಿಗೂ ಏನು ಸಂಬಂಧವೆಂದು ಹಿರಿಯರು ಹುಬ್ಬೇರಿಸಬಹುದು. ಸಂಬಂಧವಿದೆ, ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಮೊದಲು ಹೊರಜಗತ್ತಿನ ಎರಡು ನಿದರ್ಶನಗಳನ್ನು ನೋಡೋಣ. ಅಮೆರಿಕದ ಡೆಟ್ರಾಯಿಟ್ ನಗರದ ರೊಡ್ರಿಗೆಜ್ ಎಂಬ ಗಾಯಕ 1970 ಮತ್ತು 1971ರಲ್ಲಿ ಎರಡು ಧ್ವನಿಮುದ್ರಿಕೆಗಳನ್ನು ಹೊರತಂದನು. ಸ್ವದೇಶದಲ್ಲಿ ಅವುಗಳನ್ನು ಕೊಳ್ಳುವವರೇ ಇರಲಿಲ್ಲ. ಗಾಯಕನು ಕಟ್ಟಡಗಳನ್ನು ಕೆಡಹುವ ಕೂಲಿಕೆಲಸಕ್ಕೆ ಸೇರಿದನು. ಅದೇ ಹಾಡುಗಳು ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಕ್ಕೆ ಹೇಗೋ ತಲುಪಿ, ಅಲ್ಲಿನ ಯುವಜನರಿಗೆ ಪ್ರಾಣಪ್ರಿಯವಾದವು. ಗಾಯಕನು ತೀರಿಕೊಂಡಿದ್ದಾನೆಂದೇ ಅಲ್ಲಿ ಅನೇಕರು ನಂಬಿದ್ದರು. ತಾನು ಅಲ್ಲಿ ಪ್ರಸಿದ್ಧನೆಂಬುದು ಅವನಿಗೂ ತಿಳಿದಿರಲಿಲ್ಲ. 1998ರಲ್ಲಿ ಅವನು ಆ ದೇಶಕ್ಕೆ ಹೋಗಿ, ತುಂಬಿದ ಸಭೆಗಳ ಮುಂದೆ ಹಾಡಿದನು. ಈ ಕಥೆಯನ್ನು ನಿರೂಪಿಸಿದ 2012ರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆತ ಮೇಲೆ ಸ್ವದೇಶವೂ ಅವನನ್ನು ಗುರುತಿಸಿತು.

ಎರಡನೆಯದು ಅಮೆರಿಕದ್ದೇ ಆದ ಚೀಪ್ ಟ್ರಿಕ್ ಎಂಬ ರಾಕ್ ತಂಡ. ಅದರ ಮೊದಲ ಧ್ವನಿಮುದ್ರಿಕೆಗಳು ತಾಯ್ನಾಡಿನಲ್ಲಿ ಸಾಧಾರಣವಾಗಿ ಮಾರಾಟವಾದವು. ಜಪಾನಿನಲ್ಲಿ ಮಾತ್ರ ಅಭಿಮಾನಿಗಳು ಮುಗಿಬಿದ್ದರು. 1978ರಲ್ಲಿ ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ನಡೆದ ಕಛೇರಿಯನ್ನು ಜಪಾನೀಯರಿಗಾಗಿಯೇ ಮುದ್ರಿಸಲಾಯಿತು. ಅಮೆರಿಕದ ಕೇಳುಗರು ಅದನ್ನು ಜಪಾನಿನಿಂದ ತರಿಸಿಕೊಂಡು ಕೇಳತೊಡಗಿದಾಗ, 1979ರಲ್ಲಿ ಅಲ್ಲಿಯೂ ಬಿಡುಗಡೆ ಮಾಡಬೇಕಾಯಿತು. ತಂಡಕ್ಕೆ ತನ್ನ ದೇಶದಲ್ಲಿ ಹೆಸರು ತಂದುಕೊಟ್ಟದ್ದು ಪರದೇಶದಲ್ಲಿ ಹಾಡಿದ ಹಾಡು. ಈ ಎರಡೂ ಪ್ರಸಂಗಗಳಲ್ಲಿ ಹಾಡು ಬದಲಾಗಲಿಲ್ಲ. ಅದು ನಡೆದು ಬಂದ ಹಾದಿ ಬೇರೆಯಾಯಿತು, ಅಷ್ಟೆ.

ಕನ್ನಡದಲ್ಲಿ ಇಂತಹುದೇ ಒಂದು ಉದಾಹರಣೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ್ದು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅಭ್ಯಾಸ ಮಾಡಿದ್ದು ಭರತನಾಟ್ಯ, ಕೈಗೆತ್ತಿಕೊಂಡದ್ದು ಗಿಟಾರು. ‘ಅಂತರಾಗ್ನಿ’ ಎಂಬ ತಂಡದಿಂದ ಆರಂಭಿಸಿ, ಬಳಿಕ ತಮ್ಮ ಹೆಸರಿನ ತಂಡವನ್ನು ಅವರು ಕಟ್ಟಿದರು. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಪಾಶ್ಚಾತ್ಯ ವಾದ್ಯಗಳೊಡನೆ ಜನಪದದ ಧಾಟಿಯನ್ನು ಬೆರೆಸಿ ಹಾಡುವುದು ಈ ತಂಡದ ರೀತಿ. ಕನ್ನಡದ ಹಾಡುಗಳುಳ್ಳ ಅವರ ಧ್ವನಿಮುದ್ರಿಕೆಯನ್ನು ಹೊರತರುವ ಕಂಪನಿಗಾಗಿ ಬಹುಕಾಲ ಕಾಯಬೇಕಾಯಿತು. ಕೊನೆಗೆ ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರ ನೆರವಿನಿಂದ 2008ರಲ್ಲಿ ಅದು ಬಿಡುಗಡೆಯಾಯಿತು. ಹಿಂದಿಯ ಮತ್ತು ಇಂಗ್ಲಿಷಿನ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಎರಡು ತತ್ವಪದಗಳಿದ್ದವು: ಒಂದು ಗುಡುಗುಡಿಯನ್ನು ಕುರಿತದ್ದು, ಇನ್ನೊಂದು ಸೋರುವ ಮಾಳಿಗೆಯನ್ನು ಕುರಿತದ್ದು.

2010ರಲ್ಲಿ ಈ ತಂಡವು ಬ್ರಿಟನ್ನಿನ ಬಿಬಿಸಿ ದೂರದರ್ಶನದ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಎಂಬ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. ಕಾರ್ಯಕ್ರಮ ಪ್ರಸಾರವಾದ ಮೇಲೆ ಅದರ ಧ್ವನಿಮುದ್ರಿಕೆ ಆ ದೇಶದ ಐಟ್ಯೂನ್ಸ್ ಮಾರಾಟದಲ್ಲಿ ‘ವಿಶ್ವಸಂಗೀತ’ ವಿಭಾಗದ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯು ಹೊಸ ಕಲಾವಿದರಿಗೆ ನೀಡುವ ಪ್ರಶಸ್ತಿಯನ್ನು ಈ ತಂಡಕ್ಕೆ ಕೊಟ್ಟಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ತಂಡ ಹಾಡಿತು. ಕನ್ನಡದ ಒಂದಕ್ಷರ ಅರಿಯದ ಜನರು ಶರೀಫರ ಪದಕ್ಕೆ ಕೈತಟ್ಟಿ ಕುಣಿದರು.

ಇದನ್ನು ಪವಾಡವೆಂದು ಬಣ್ಣಿಸುವುದು ಸುಲಭ. ಇತಿಹಾಸದ ದೃಷ್ಟಿಯಿಂದ ನೋಡಿದರೆ ಇದಕ್ಕೆ ಕಾರಣಗಳಿವೆ. ಬ್ರಿಟನ್ನಿನಲ್ಲಿ ‘ವೋಮ್ಯಾಡ್’ ಎಂಬ ಉತ್ಸವ 1982ರಿಂದಲೇ ಏಷ್ಯ, ಆಫ್ರಿಕಗಳ ಸಂಗೀತಗಾರರಿಗೆ ವೇದಿಕೆ ಒದಗಿಸುತ್ತ ಬಂದಿತ್ತು. 1987ರಲ್ಲಿ ಲಂಡನ್ನಿನ ಕೆಲವು ಸಣ್ಣ ಧ್ವನಿಮುದ್ರಣ ಕಂಪನಿಗಳವರು ಸಭೆ ಸೇರಿ, ಪರಭಾಷೆಗಳ ಹಾಡುಗಳನ್ನು ಅಂಗಡಿಯಲ್ಲಿ ಯಾವ ಹೆಸರಿನ ಕೆಳಗೆ ಇರಿಸಬೇಕೆಂದು ಚರ್ಚಿಸಿ, ‘ವಿಶ್ವಸಂಗೀತ’ ಎಂಬ ಹೆಸರನ್ನು ಒಪ್ಪಿಕೊಂಡರು. ಅರ್ಥಾತ್, ಈ ತಂಡವು ಲಂಡನ್ನಿಗೆ ಕಾಲಿಡುವ ಎರಡು ದಶಕಗಳ ಮೊದಲೇ ಅದಕ್ಕಾಗಿ ಒಂದು ಕಪಾಟು ಸಿದ್ಧವಾಗಿತ್ತು. ಆ ಕಪಾಟನ್ನು ಹುಡುಕಿಕೊಂಡು ಬರುವ ಕೇಳುಗರಿದ್ದರು, ಅದನ್ನು ಕುರಿತು ಬರೆಯುವ ಪತ್ರಿಕೆಯಿತ್ತು, ಬೇಸಿಗೆಯುದ್ದಕ್ಕೂ ನಡೆಯುವ ಉತ್ಸವಗಳಿದ್ದವು.

ಕರ್ನಾಟಕದಲ್ಲಿ ಅಂತಹ ಕಪಾಟು ಇರಲಿಲ್ಲ. ಇಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಸ್ಥಾನವಿತ್ತು, ಸುಗಮ ಸಂಗೀತಕ್ಕೆ ಸ್ಥಾನವಿತ್ತು, ಜಾನಪದಕ್ಕೆ ಸ್ಥಾನವಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಸಿನಿಮಾ ಹಾಡಿಗೆ ಸಿಂಹಾಸನವಿತ್ತು. ಕನ್ನಡದ ರಾಕ್ ತಂಡವನ್ನು ಎಲ್ಲಿ ಕೂರಿಸಬೇಕೆಂಬುದು ತಿಳಿಯದಾಯಿತು. ಆದ್ದರಿಂದ ನಮ್ಮವರಿಗೆ ರಘು ದೀಕ್ಷಿತ್ ಪರಿಚಿತರಾದದ್ದು ಹೆಚ್ಚಾಗಿ ಸಿನಿಮಾದ ಬಾಗಿಲಿನಿಂದ. 2008ರ ‘ಸೈಕೋ’ ಚಿತ್ರಕ್ಕಾಗಿ ಅವರು ಮಾಡಿದ ಮಾದೇಶ್ವರನ ಹಾಡು ಊರೂರುಗಳ ಧ್ವನಿವರ್ಧಕಗಳಲ್ಲಿ ಮೊಳಗಿತು. 2010ರ ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರದ ಹಾಡುಗಳನ್ನು ತರುಣರು ಗುನುಗಿದರು. ಹಿಂದಿ ಸೀಮೆಯವರಿಗೆ ಅದೇ ಗಾಯಕರು ಹಿಂದಿ ಹಾಡುಗಳಿಂದ ಪರಿಚಿತರು. ಹೀಗೆ ಒಬ್ಬ ಕಲಾವಿದ, ಮೂರು ನಾಡುಗಳಲ್ಲಿ ಮೂರು ಪರಿಯ ಕೀರ್ತಿ. ಬ್ರಿಟನ್ನಿನವರಿಗೆ ಕಣ್ಣು ತುಂಬುವ ನೋಟವಾದ ಆ ಲುಂಗಿ, ನಮ್ಮಲ್ಲಿ ಮನೆಯ ಹಿರಿಯರು ಸಂಜೆ ಜಗುಲಿಯ ಮೇಲೆ ಉಟ್ಟು ಕೂರುವ ಬಟ್ಟೆ. ಬೆರಗಾಗುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಇನ್ನೊಂದು ಕಾರಣವನ್ನೂ ಹೇಳಬೇಕು. ಶರೀಫರ ಪದಗಳಿಗೆ ಕನ್ನಡಿಗರ ಕಿವಿಯಲ್ಲಿ ಅದಾಗಲೇ ಒಂದು ಧಾಟಿ ನೆಲೆಸಿತ್ತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು, ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಧಾರವಾಡ ಸೀಮೆಯ ಆಡುಮಾತಿನಲ್ಲಿ ಪದ ಕಟ್ಟಿ ಹಾಡಿದವರು. ಅವರ ನಂತರ ಸುಮಾರು ಒಂದು ಶತಮಾನ ಆ ಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದವು. ಆಮೇಲೆ ಸಿ. ಅಶ್ವತ್ಥ್ ಅವರು ರಾಗ ಸಂಯೋಜಿಸಿದರು, ಶಿವಮೊಗ್ಗ ಸುಬ್ಬಣ್ಣನವರಂತಹ ಗಾಯಕರು ಹಾಡಿದರು, ಕ್ಯಾಸೆಟ್ಟುಗಳು ಮನೆಮನೆ ಸೇರಿದವು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು. ಆ ಧಾಟಿಯಲ್ಲಿ ಬೆಳೆದ ಕಿವಿಗೆ ಗಿಟಾರಿನ ಶರೀಫರು ತಟ್ಟನೆ ಒಗ್ಗದಿದ್ದರೆ ಆಶ್ಚರ್ಯವಿಲ್ಲ. ಲಂಡನ್ನಿನ ಕಿವಿಗೆ ಹೋಲಿಸಿ ನೋಡಲು ಹಳೆಯ ಧಾಟಿಯೇ ಇರಲಿಲ್ಲ.

ಶರೀಫರ ಪದ ಲಂಡನ್ನಿಗೆ ಒಂದೇ ನೆಗೆತದಲ್ಲಿ ಹಾರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಏಕತಾರಿಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿನಿಮಾಕ್ಕೆ, ಅಲ್ಲಿಂದ ರಾಕ್ ವೇದಿಕೆಗೆ ಅದು ಮೆಟ್ಟಿಲು ಮೆಟ್ಟಿಲಾಗಿ ನಡೆದುಹೋಯಿತು. ಪ್ರತಿಯೊಂದು ಮೆಟ್ಟಿಲನ್ನೂ ಯಾರೋ ಒಬ್ಬರು ಕಷ್ಟಪಟ್ಟು ಕಟ್ಟಿದ್ದಾರೆ.

ಈಗ ನಮ್ಮ ಸೀಮೆಗೆ ಬರೋಣ. ತತ್ವಪದದ ಸಂಪತ್ತು ಧಾರವಾಡದ ಕಡೆಯದು ಮಾತ್ರವಲ್ಲ. ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರು ಮತ್ತು ಅವರ ಪರಂಪರೆಯ ಚನ್ನೂರ ಜಲಾಲಸಾಹೇಬರು, ಖೈನೂರು ಕೃಷ್ಣಪ್ಪನವರು, ತೆಲುಗುಬಾಳ ರೇವಪ್ಪನವರು ಕಟ್ಟಿದ ಪದಗಳು ಆಳದಲ್ಲಾಗಲಿ ಚೆಲುವಿನಲ್ಲಾಗಲಿ ಯಾವುದಕ್ಕೂ ಕಡಿಮೆಯವಲ್ಲ. ನಮ್ಮ ನೆರೆಯ ಹುಮನಾಬಾದಿನ ಮಾಣಿಕಪ್ರಭುಗಳು (1817–1865) ಶರೀಫರ ಸಮಕಾಲೀನರು; ಮರಾಠಿ, ಕನ್ನಡ, ತೆಲುಗು, ಉರ್ದು ಮುಂತಾದ ಭಾಷೆಗಳಲ್ಲಿ ಪದ ರಚಿಸಿದವರು. ಅವರು ನೆಲೆನಿಂತ ಮಾಣಿಕನಗರ ಸಂಗೀತಗಾರರ ಆಶ್ರಯವಾಗಿತ್ತು. ಬಹುಭಾಷೆಯ ಈ ನೆಲಕ್ಕೆ ಅದಕ್ಕಿಂತ ಸಹಜವಾದ ಸಂಗೀತವುಂಟೆ? ಆದರೂ ಬೆಂಗಳೂರಿನ ಒಬ್ಬ ತರುಣನನ್ನು ಕೇಳಿದರೆ ಶರೀಫರ ಹೆಸರು ಹೇಳುತ್ತಾನೆ, ಮಡಿವಾಳಪ್ಪನವರ ಹೆಸರು ಹೇಳುವುದು ಅಪರೂಪ. ಇದು ಪದಗಳ ತೂಕದ ಅಂತರವಲ್ಲ, ಮೆಟ್ಟಿಲುಗಳ ಅಂತರ. ಶರೀಫರಿಗೆ ಸಿಕ್ಕಂತಹ ಕ್ಯಾಸೆಟ್ಟುಗಳ ಸುಗ್ಗಿಯಾಗಲಿ ಮನೆಮಾತಾದ ಚಲನಚಿತ್ರವಾಗಲಿ ಇವರಿಗೆ ಸಿಗಲಿಲ್ಲ.

ಗಡಿಯ ಈಚೆಯ ನಮ್ಮಲ್ಲಂತೂ ಇರುವ ಮೆಟ್ಟಿಲೂ ಸವೆಯುತ್ತಿದೆ. ಅಮಾವಾಸ್ಯೆಯ ರಾತ್ರಿ, ಶ್ರಾವಣದ ಸೋಮವಾರ, ಶಿವರಾತ್ರಿಯ ಜಾಗರಣೆಗಳಲ್ಲಿ ಇಂದಿಗೂ ಹಿರಿಯರು ತಾಳ, ದಮ್ಮಡಿ ಹಿಡಿದು ಕನ್ನಡದ ಪದ ಹಾಡುತ್ತಾರೆ. ಅವರ ಕೈಯಲ್ಲಿ ಅಂಚು ಹರಿದ ಒಂದು ನೋಟುಪುಸ್ತಕವಿರುತ್ತದೆ. ಅಂತಹ ಒಂದು ಭಜನೆಯಲ್ಲಿ ನಾನು ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿ ಕಂಡೆ. ಅಜ್ಜನದು ಕನ್ನಡ ಲಿಪಿಯಲ್ಲಿತ್ತು. ಮೊಮ್ಮಗನು ಅವವೇ ಕನ್ನಡ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡಿದ್ದನು. ಮೊದಲು ನನಗೆ ಖೇದವಾಯಿತು. ಆಮೇಲೆ, ಹಾಡುವ ಹಂಬಲ ಇದೆಯಲ್ಲ ಎಂದು ಸಮಾಧಾನವೂ ಆಯಿತು. ಆ ಹುಡುಗನಿಗೆ ಪದದ ಅರ್ಥ ತಿಳಿಯುತ್ತದೆ, ಧಾಟಿ ತಿಳಿದಿದೆ; ಅಕ್ಷರ ಮಾತ್ರ ಯಾರೂ ಕಲಿಸಿಲ್ಲ. ಲಂಡನ್ನಿನ ಕೇಳುಗನಿಗೆ ಅರ್ಥವೂ ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ. ಆದರೂ ಹಾಡು ಅವನವರೆಗೆ ಹೋಯಿತು, ಏಕೆಂದರೆ ಅವನ ಮನೆಯವರೆಗೆ ಹಾದಿಯಿತ್ತು. ನಮ್ಮ ಹುಡುಗನಿಗೆ ಬೇಕಾದ ಹಾದಿ ಅದಕ್ಕಿಂತ ಬಹಳ ಕಿರಿದು. ಅಜ್ಜನ ಪುಸ್ತಕದಿಂದ ಮೊಮ್ಮಗನ ಪುಸ್ತಕದವರೆಗಿನ ಒಂದು ಗೇಣಿನ ಹಾದಿ.

ರಾಕ್ ಸಂಗೀತಕ್ಕೂ ರಾಯಿಕೋಡಿಗೂ ಇರುವ ಸಂಬಂಧವೆಂದು ನಾನು ಮೊದಲು ಹೇಳಿದ್ದು ಇದನ್ನೇ. ಜನಪ್ರಿಯತೆ ಹಾಡಿನ ಹೊಟ್ಟೆಯೊಳಗೆ ಹುಟ್ಟಿಬರುವ ಗುಣವಲ್ಲ. ಅದು ಕಟ್ಟಿಕೊಳ್ಳಬೇಕಾದ ವ್ಯವಸ್ಥೆ. ಪರದೇಶದವರು ನಮ್ಮ ಪದಕ್ಕೆ ಒಂದು ಕಪಾಟು ಮಾಡಿಕೊಟ್ಟರೆಂದು ಹಿಗ್ಗುವ ನಾವು, ನಮ್ಮ ಓಣಿಯ ಮೇಳಕ್ಕೆ ಒಂದು ಗೂಡನ್ನಾದರೂ ಮಾಡಿಕೊಡಬೇಡವೆ?

ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಪ್ರತಿಯೊಂದು ಊರಿನಲ್ಲಿಯೂ ಇರುವ ಭಜನೆಯ ಪುಸ್ತಕಗಳನ್ನು ಒಂದೆಡೆ ನಕಲು ಮಾಡಿಸಬಹುದು. ಕಂಠಪಾಠವಾಗಿ ಹಾಡುವ ಹಿರಿಯರ ಧ್ವನಿಯನ್ನು ಈಗ ಎಲ್ಲರ ಜೇಬಿನಲ್ಲಿರುವ ಮೊಬೈಲಿನಲ್ಲಿಯೇ ಮುದ್ರಿಸಿ, ಹಾಡಿದವರ ಊರು, ದಿನಾಂಕ, ಕಲಿಸಿದ ಗುರುವಿನ ಹೆಸರು ಬರೆದಿಡಬಹುದು. ರಜೆಯ ದಿನಗಳಲ್ಲಿ ಮಕ್ಕಳಿಗೆ ತತ್ವಪದಗಳ ಮೂಲಕವೇ ಕನ್ನಡ ಅಕ್ಷರ ಕಲಿಸಬಹುದು. ಬಾಯಿಗೆ ಬರುವ ಹಾಡಿನ ಅಕ್ಷರ ಬೇಗ ಕೈಗೂ ಬರುತ್ತದೆ. ಮುಂದಿನ ಸಮ್ಮೇಳನದಲ್ಲಿ ಅತಿಥಿ ಕಲಾವಿದರ ಕಾರ್ಯಕ್ರಮಕ್ಕೆ ಮೊದಲು ನಮ್ಮದೇ ಒಂದು ಮೇಳಕ್ಕೆ ಅರ್ಧ ಗಂಟೆಯ ವೇದಿಕೆ ಕೊಡಬಹುದು. ಮತ್ತು ನಮ್ಮ ಮಕ್ಕಳು ಅದೇ ಪದವನ್ನು ಗಿಟಾರಿನೊಡನೆ ಹಾಡಬೇಕೆಂದರೆ ಹಿರಿಯರಾದ ನಾವು ಮುನಿಯದಿರೋಣ. ಶರೀಫರ ಪದ ಬೆಳೆದದ್ದು ಹೊಸ ವಾದ್ಯಗಳನ್ನು ಒಪ್ಪಿಕೊಂಡೇ.

ಕಡಕೋಳದ ಪದವೊಂದು ಎಂದಾದರೂ ಲಂಡನ್ನಿಗೆ ಹೋಗಬಹುದು, ಹೋಗದೆಯೂ ಇರಬಹುದು. ಅದಕ್ಕಾಗಿ ನಾವು ಕಾಯಬೇಕಿಲ್ಲ. ಆ ಅಜ್ಜನ ಪಕ್ಕದಲ್ಲಿ ಕುಳಿತ ಮೊಮ್ಮಗನು ಮುಂದಿನ ಶಿವರಾತ್ರಿಯ ಹೊತ್ತಿಗೆ ಅಜ್ಜನ ಪುಸ್ತಕವನ್ನೇ ಬಿಡಿಸಿ ಓದಿ ಹಾಡುವಂತಾದರೆ ಸಾಕು. ಆ ಕೆಲಸಕ್ಕೆ ಈ ಸಮ್ಮೇಳನದಿಂದಲೇ ನಾಂದಿಯಾಗಲಿ ಎಂದು ಹಾರೈಸುತ್ತೇನೆ.